ತವರಿನ ಹೆಪ್ಪು

"ಗುರುಗಳೇ, ಕಾಲೇಜಿಗೆ ಸೇರಿ ತಿಂಗಳಾಯಿತು. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಹುಡುಗಿ, ನಿಮ್ಮಮ್ಮನ ಬಗ್ಗೆ ಹೇಳು ಎಂದರೆ ಗೋಡೆಗೆ ಮುಖ ತಿರುಗಿಸಿ ಮಲಗಿಬಿಡುತ್ತೇನೆ. ಇಲ್ಲಿಯವರ ಹತ್ತಿರ ಹೇಳಿಕೊಂಡರೆ ನನ್ನ ಮನೆ ನನಗೇ ಉಳಿಯುವುದಿಲ್ಲವೇನೋ ಎಂಬ ಹೆದರಿಕೆ. ಇದು ತಪ್ಪೇ?" ಎಂದು ಇಂದುಮತಿ ಕೇಳಿದಳು.

ಗುರುಗಳು ಅವಳ ಊದಿದ ಕಣ್ಣುಗಳನ್ನು ನೋಡಿದರು. "ತಪ್ಪೋ ಸರಿಯೋ ಆಮೇಲೆ ನೋಡೋಣ. ಮೊದಲು ಮೂಗು ಒರೆಸಿಕೊಂಡು ಕೂತುಕೋ ಮಹರಾಯ್ತಿ," ಎಂದು ಕತೆ ಶುರು ಮಾಡಿದರು.

ಒಬ್ಬ ಹೆಣ್ಣುಮಗಳನ್ನು ದೂರದ ಊರಿಗೆ ಮದುವೆ ಮಾಡಿಕೊಟ್ಟರು. ಹೊರಡುವಾಗ ತಾಯಿ, ಹೆಪ್ಪಿಗೆ ಇರಲಿ ಎಂದು ಪುಟ್ಟ ಕುಡಿಕೆಯಲ್ಲಿ ಮೊಸರು ಹಾಕಿಕೊಟ್ಟಳು. ಮಗಳು ಅದನ್ನು ಗಂಡನ ಮನೆಯ ಹಾಲಿಗೆ ಬೆರೆಸಿದಳು. ಮಾರನೆಯ ದಿನ ಬಾಯಿಗಿಟ್ಟರೆ ತವರಿನದೇ ರುಚಿ! ಅಂದಿನಿಂದ ಏನೇ ಆಗಲಿ, ಒಂದು ಚಮಚ ಉಳಿಸಿ ಮತ್ತೆ ಹೆಪ್ಪು ಹಾಕುವಳು. ಆ ಊರಿನಲ್ಲಿ ತನ್ನದು ಎಂದು ಅವಳಿಗಿದ್ದದ್ದು ಅದೊಂದೇ.

ಒಂದು ದಿನ ಪಕ್ಕದ ಮನೆಯವಳು ಬಟ್ಟಲು ಹಿಡಿದು ಬಂದಳು. "ಒಂದು ಚೂರು ಹೆಪ್ಪು ಕೊಡವ್ವ. ನಮ್ಮನೇದು ಬೆಕ್ಕಿನ ಪಾಲಾಯಿತು."

ಒಳಗೆ ಗಡಿಗೆ ತುಂಬ ಮೊಸರಿತ್ತು. ಇವಳು "ಇಲ್ಲ" ಎಂದುಬಿಟ್ಟಳು. ನನ್ನ ತಾಯಿಯದ್ದು ಕಂಡಕಂಡವರ ಅಡುಗೆಮನೆಗೆ ಯಾಕೆ ಹೋಗಬೇಕು ಎಂಬ ಹಟ. ಒಂದು ಚಮಚ ಕೊಟ್ಟಿದ್ದರೆ ಗಡಿಗೆ ಬರಿದಾಗುತ್ತಿತ್ತೇ? ಪಕ್ಕದವಳು ಮತ್ತೆ ಕೇಳಲಿಲ್ಲ.

ನಾಲ್ಕನೆಯ ವರ್ಷ ತಾಯಿ ತೀರಿಕೊಂಡಳು. ಮಗಳು ಅಳುತ್ತಾ ಓಡಿದಳು, ತಿಥಿ ಮುಗಿಯುವವರೆಗೆ ಅಲ್ಲೇ ಉಳಿದಳು. ತಾಯಿ ಹಾಸಿಗೆ ಹಿಡಿದಂದಿನಿಂದ ಆ ಮನೆಯಲ್ಲಿ ಹೆಪ್ಪು ಹಾಕುವವರೇ ಇರಲಿಲ್ಲ. ಮೊಸರಿನ ಗಡಿಗೆ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಗಂಡನ ಮನೆಗೆ ಮರಳಿದರೆ, ಅಲ್ಲಿ ಅವನು ಗಡಿಗೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಮೊಸರಿಗೆ ಬೂಷ್ಟು ಹಿಡಿದು ಹುಳ ಬಿದ್ದಿತ್ತು.

ಈಗ ಬಟ್ಟಲು ಹಿಡಿದು ಹೋಗುವ ಸರದಿ ಇವಳದು. ಪಕ್ಕದವಳು ಕೇಳಿದ ಕೂಡಲೇ ಕೊಟ್ಟಳು. ಮಾರನೆಯ ದಿನ ಮೊಸರು ಚೆನ್ನಾಗಿ ಗಟ್ಟಿಯಾಗಿತ್ತು. ಒಂದು ತುತ್ತು ಬಾಯಿಗಿಟ್ಟವಳು ತಟ್ಟೆಯ ಮುಂದೆಯೇ ಗೋಳೋ ಎಂದು ಅತ್ತಳು. ಒಳ್ಳೆಯ ಮೊಸರೇ, ತಾಯಿಯದಲ್ಲ ಅಷ್ಟೇ.

ಅಳು ಕೇಳಿ ಪಕ್ಕದವಳು ಬಂದು ವಿಷಯ ತಿಳಿದುಕೊಂಡಳು. ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಅವತ್ತು ನನಗೊಂದು ಚೂರು ಕೊಟ್ಟಿದ್ದರೆ, ಇವತ್ತು ನಿಮ್ಮಮ್ಮನದನ್ನೇ ನಿನ್ನ ಬಟ್ಟಲಿಗೆ ಹಾಕುತ್ತಿದ್ದೆನಲ್ಲೇ ತಾಯಿ."

ಕತೆ ಮುಗಿಯಿತು. ಗುರುಗಳು ಎದ್ದು ಹೊರಡುತ್ತಾ ಕೇಳಿದರು:

"ನಿನ್ನ ಕೋಣೆಯ ಹುಡುಗಿ ಇನ್ನು ಎಷ್ಟು ದಿನ ಕೇಳಿಯಾಳು?"