ಅಪೊಲೊನಿಯಾ ಬಾಯಿಪಾಠ ಮಾಡಿದ ಪ್ರಾರ್ಥನೆ

ಬಹಳ ಹಿಂದೆ, ಪೋಲೆಂಡ್ ದೇಶದ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಅಪೊಲೊನಿಯಾ ಅಂತ ಒಬ್ಬ ಕ್ರೈಸ್ತ ವಿಧವೆ ಇದ್ದಳಂತೆ. ಬುಟ್ಟಿ ಹೆಣೆಯುವುದು ಅವಳ ಕಸುಬು. ಅವಳ ಬುಟ್ಟಿಯಲ್ಲಿ ನೀರು ತುಂಬಿದರೂ ಸೋರುತ್ತಿರಲಿಲ್ಲ ಅಂತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗ ನಾಜಿಗಳು ಆ ನಾಡನ್ನು ಹಿಡಿದಿದ್ದರು. ಮಕ್ಕಳು ಮುದುಕರು ಅನ್ನದೆ ಯಹೂದಿಗಳನ್ನು ಕೊಲ್ಲುತ್ತಿದ್ದರು. ಅಡಗಿಸಿಟ್ಟವರಿಗೂ ಸಾವೇ. ಅಂಥ ಕಾಲದಲ್ಲಿ ಒಂದು ದಿನ ಅಪೊಲೊನಿಯಾ ಸಂತೆಯಿಂದ ಬುಟ್ಟಿ ಹೊತ್ತು ಬಂದಳು. ಒಳಗೆ ಐದು ವರ್ಷದ ಫ್ರುಮಾ, ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಯಹೂದಿಯ ಮಗಳು, ಮುದುಡಿ ಕೂತಿದ್ದಳಂತೆ. ಸೈನಿಕರು ಬರುವ ಮುಂಚೆ ತಾಯಿಯೇ ಕೊಟ್ಟು ಕಳಿಸಿದ್ದಳು. ಬುಟ್ಟಿಯಲ್ಲಿ ಏಳು ಮಕ್ಕಳಿದ್ದರು ಅನ್ನುವವರೂ ಇದ್ದಾರೆ. ಏಳು ಮಕ್ಕಳನ್ನು ಹೊರುವ ಬೆನ್ನು ಯಾರಿಗಿದೆ? ಒಂದೇ ಮಗು.

ಇವಳು ನನ್ನ ತಂಗಿಯ ಮಗಳು, ಹೆಸರು ಯಡ್ವಿಗಾ ಅಂತ ಅಪೊಲೊನಿಯಾ ಊರಿಗೆಲ್ಲ ಹೇಳಿದಳು. ಮಗುವಿಗೆ ಕ್ರೈಸ್ತರ ಜಪ ಕಲಿಸಿದಳು. ಅದು ಬೇಗ ಕಲಿಯಿತು, ಕಲಿತಷ್ಟೂ ತನ್ನದನ್ನು ಮರೆಯತೊಡಗಿತು. ತಾಯಿ ಹೇಳಿಕೊಟ್ಟ ಪ್ರಾರ್ಥನೆಯನ್ನು ದಿನಾ ಬೆಳಗ್ಗೆ ಗುನುಗುತ್ತಿದ್ದ ಮಗು, ಒಂದು ದಿನ ನಡುವೆ ತಡವರಿಸಿತಂತೆ. ಅಪೊಲೊನಿಯಾ ಹೆಣೆಯುತ್ತಿದ್ದ ಬುಟ್ಟಿ ಕೆಳಗಿಟ್ಟಳು.

"ನೀನು ಮರೆತರೇ ಬದುಕುತ್ತೀಯ ಕಂದಾ," ಅಂದಳಂತೆ. "ಅದಕ್ಕೂ ಮೊದಲು ನನಗೆ ಹೇಳಿಕೊಡು."

ಓದು ಬರದ ಹೆಂಗಸು. ಅರ್ಥ ಗೊತ್ತಿಲ್ಲ, ಆ ಹೀಬ್ರೂ ಭಾಷೆ ಗೊತ್ತಿಲ್ಲ. ಒಂದೊಂದು ಕಡ್ಡಿ ಹೆಣೆಯುತ್ತ ಒಂದೊಂದು ಮಾತು ಕಲಿತಳು. ಪಾದ್ರಿಗೂ ತಿಳಿಸಲಿಲ್ಲ.

ಯುದ್ಧ ಮುಗಿಯಿತು. ಮನೆಯವರಲ್ಲಿ ಬದುಕುಳಿದವಳು ಫ್ರುಮಾಳ ಚಿಕ್ಕಮ್ಮ ಒಬ್ಬಳೇ. ಅವಳು ಹುಡುಕಿಕೊಂಡು ಬಂದಾಗ ಮಗು ಅಪೊಲೊನಿಯಾಳ ಲಂಗದ ಹಿಂದೆ ಅಡಗಿತು.

"ನಾನು ಯಹೂದಿ ಅಲ್ಲ. ದೊಡ್ಡಮ್ಮಾ, ಇವಳನ್ನು ಹೋಗು ಅನ್ನು!"

ಅಪೊಲೊನಿಯಾ ಹೋಗು ಅಂದಿದ್ದರೆ ಮುಗಿಯುತ್ತಿತ್ತು. ಮಗು ಅವಳ ಬಳಿಯೇ ಉಳಿಯುತ್ತಿತ್ತು. ಆ ಆಸೆ ಅವಳಿಗೂ ಬಂದಿತ್ತಂತೆ. ಆದರೆ ಅವಳು ಕಣ್ಣು ಮುಚ್ಚಿ ಆ ಪ್ರಾರ್ಥನೆ ಶುರುಮಾಡಿದಳು. ಚಿಕ್ಕಮ್ಮ ಬೆಚ್ಚಿಬಿದ್ದು, ಅಳುತ್ತ ದನಿಗೂಡಿಸಿದಳು. ಕೊನೆಯ ಮಾತು ಬರುವಷ್ಟರಲ್ಲಿ ಲಂಗದ ಹಿಂದಿನಿಂದ ಮಗುವೇ ಅದನ್ನು ಹೇಳಿಬಿಟ್ಟಿತು.

ಹೋಗುವಾಗ ಮಗು ತಿರುಗಿ ನೋಡಿತೋ ಇಲ್ಲವೋ, ಆ ವಿಷಯದಲ್ಲಿ ಊರು ಇವತ್ತಿಗೂ ಎರಡು ಪಾಲು.

ಅಪೊಲೊನಿಯಾ ತೀರಿಹೋದ ಎಷ್ಟೋ ವರ್ಷಕ್ಕೆ ನರೆಗೂದಲಿನ ಫ್ರುಮಾ ಬಂದು, ತನ್ನವರ ಪದ್ಧತಿಯಂತೆ, ಸಮಾಧಿಯ ಮೇಲೆ ಒಂದು ಬೆಣಚುಕಲ್ಲು ಇಟ್ಟಳಂತೆ. ನೋಡಿದವರು ತಾವೂ ಒಂದೊಂದು ಇಟ್ಟರು. ಈಗಲೂ ಕಡ್ಡಿ ಕೊಯ್ಯಲು ಹೊಳೆಗೆ ಹೋದವರು ಒಂದು ಕಲ್ಲು ಆರಿಸಿ ತಂದು ಅಲ್ಲಿಡುತ್ತಾರೆ. ರಾಶಿ ಸೊಂಟದೆತ್ತರ ಬೆಳೆದಿದೆ. ಶಿಲುಬೆಯ ತುದಿ ಮಾತ್ರ ಕಾಣುತ್ತದೆ.