ಒಡಕು ತಮಟೆ

ನಮ್ಮ ಹಿತ್ತಲಿನ ಕೆಂಪು ಹುಂಜ ಕೂಗಿದರೆ ಪಕ್ಕದೂರಿನವರೂ ಎದ್ದು ಕೂರುತ್ತಿದ್ದರು. ಸುಳ್ಳು ಎನ್ನುವ ಗಂಡಸಿದ್ದರೆ ಎದುರಿಗೆ ಬರಲಿ. ಅಂಥ ಹುಂಜಕ್ಕೆ ಬೂದಿ ಬಣ್ಣದ ಒಂದು ಮರಿಯ ಗೊಗ್ಗರು ದನಿ ಕೇಳಿದರೆ ಸಾಕು, ನಗು. "ಬಂತಪ್ಪಾ ಒಡಕು ತಮಟೆ, ಎಲ್ಲರೂ ಕಿವಿ ಮುಚ್ಚಿಕೊಳ್ಳಿ" ಎನ್ನುತ್ತಿತ್ತು. ಉಳಿದ ಕೋಳಿಗಳೂ ನಗುತ್ತಿದ್ದವು. ಮರಿ ಕೂಗುವುದನ್ನೇ ಬಿಟ್ಟಿತು. ಅದು ಬೆಳೆದು ಹೇಂಟೆಯಾಗುವ ಹೊತ್ತಿಗೆ ಹುಂಜಕ್ಕೆ ಆ ಮಾತು ಮರೆತೂ ಹೋಗಿತ್ತು.

ಒಂದು ಮಧ್ಯಾಹ್ನ ಹದ್ದು ಎರಗಿ ಹುಂಜದ ಕಿರಿಮರಿಯನ್ನು ಎತ್ತಿಕೊಂಡು ಹಾರಿತು. ತಿಪ್ಪೆಯ ಮೇಲಿದ್ದ ಬೂದಿ ಹೇಂಟೆ ಹದ್ದನ್ನು ಮೊದಲೇ ಕಂಡಿತ್ತು.

"ಕಂಡೂ ಸುಮ್ಮನಿದ್ದೆಯಲ್ಲೇ, ನನ್ನ ಮರಿಯ ಮೇಲೆ ನಿನಗೇನು ದ್ವೇಷ?" ಎಂದು ಹುಂಜ ಮೇಲೆ ಬಿತ್ತು.

"ದ್ವೇಷ ಯಾಕೆ, ಹುಂಜಣ್ಣ? ಅದಕ್ಕೆ ದಿನಾ ಹುಳ ಹೆಕ್ಕಿ ಕೊಡುತ್ತಿದ್ದವಳೇ ನಾನು," ಹೇಂಟೆ ಪಿಸುಗುಟ್ಟಿತು. "ಕೂಗಲೆಂದೇ ಬಾಯಿ ತೆರೆದೆ. ಎಲ್ಲರೂ ನಗುತ್ತಾರೆ ಅನ್ನಿಸಿತು. ದನಿ ಹೊರಡಲಿಲ್ಲ."

"ಇನ್ನು ಯಾರೂ ನಗುವುದಿಲ್ಲ. ಹದ್ದು ಮತ್ತೆ ಬರುತ್ತದೆ, ಈಗಲಾದರೂ ಕೂಗೇ ತಾಯಿ."

ಹೇಂಟೆ ಕೊಕ್ಕು ತೆರೆದು ನಿಂತಿತು. ಏನೂ ಕೇಳಿಸಲಿಲ್ಲ.

ಆಕಾಶದಿಂದ ಮರಿಯ ಒಂದು ಪುಕ್ಕ ಹುಂಜದ ಕಾಲ ಬಳಿ ಬಂದು ಬಿತ್ತು. ಹುಂಜಕ್ಕೆ ಕೊನೆಗೆ ಸಿಕ್ಕಿದ್ದು ಅಷ್ಟೇ.