ರಬ್ಬರ್ ಚಕ್ರದ ತೋಪು

"ಗುರುಗಳೇ, ಆಡಿದ ಮಾತು ಸರಿಯಾಗಿದ್ದರೆ ಸಾಲದೇ? ಕೇಳಿದವನಿಗೆ ನೋವಾದರೆ ಆಡಿದವನ ತಪ್ಪೇನು?" ಎಂದು ಶಿಷ್ಯ ಕೇಳಿದ. ಸಹಪಾಠಿಯೊಬ್ಬನ ತಪ್ಪನ್ನು ಅವನು ಎಲ್ಲರೆದುರು ಎತ್ತಿ ತೋರಿಸಿದ್ದ. ಅಂದಿನಿಂದ ಇಬ್ಬರ ನಡುವೆ ಮಾತಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಹೆಬ್ಬೆರಳಿನಷ್ಟು ಚಿಕ್ಕ ತೋಪು, ಟ್ಯಾಂಕು, ಸೇನೆಯ ಲಾರಿಗಳನ್ನು ಸಂಗ್ರಹಿಸುವುದು ಅವನ ಹವ್ಯಾಸ. ಅದೇ ಬೀದಿಯಲ್ಲಿ ಒಬ್ಬ ದರ್ಜಿಯಿದ್ದ. ಅವನಿಗೂ ಅದೇ ಹುಚ್ಚು. ಭಾನುವಾರ ಬಂತೆಂದರೆ ಇಬ್ಬರೂ ವರ್ತಕನ ಮನೆಯ ದೊಡ್ಡ ಮೇಜಿನ ಮೇಲೆ, ಹಿಂದೆಂದೋ ನಡೆದ ಯುದ್ಧವೊಂದನ್ನು ಮತ್ತೆ ಆಡುತ್ತಿದ್ದರು. ಒಂದು ಕಡೆಯ ಸೇನೆ ವರ್ತಕನದು, ಇನ್ನೊಂದು ದರ್ಜಿಯದು. ದಾಳ ಹಾಕಿ, ಅಳತೆಪಟ್ಟಿ ಹಿಡಿದು ಸೇನೆ ನಡೆಸಬೇಕು. ಆ ಯುದ್ಧದಲ್ಲಿ ಇಲ್ಲದ್ದನ್ನು ಮೇಜಿನ ಮೇಲೆ ಇಡಕೂಡದು. ಈ ನಿಯಮ ಮಾಡಿದವನು ವರ್ತಕ. ದರ್ಜಿ ಒಪ್ಪಿದ್ದ.

ದರ್ಜಿಯ ಕಣ್ಣು ಮಂಜಾಗುತ್ತ ಬಂದಿತ್ತು. ಆದರೂ ಮಳೆಗಾಲವಿಡೀ ಕೂತು ಕೈಯಾರೆ ಒಂದು ತೋಪು ಮಾಡಿದ. ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟ. ಆಟ ನೋಡಲು ಬಂದ ನೆರೆಯವರು ಭೇಷ್ ಎಂದರು. ವರ್ತಕ ಅದನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದ.

"ಇದಕ್ಕೆ ರಬ್ಬರ್ ಚಕ್ರ ಹಾಕಿದ್ದೀಯ. ಈ ಯುದ್ಧದ ತೋಪುಗಳಿಗೆ ಇದ್ದದ್ದು ಮರದ ಚಕ್ರ."

ದರ್ಜಿ ನಕ್ಕ. "ಬಿಡಿ ಶೆಟ್ಟರೇ, ಸತ್ತ ಸಿಪಾಯಿಗಳೇನು ಎದ್ದು ಬಂದು ತಕರಾರು ಮಾಡ್ತಾರಾ?"

"ಅವರು ಮಾಡೋದಿಲ್ಲ. ಮಾಡೋಕೆ ನಾನಿದ್ದೀನಿ," ಎಂದು ವರ್ತಕ ತೋಪನ್ನು ಎಲ್ಲರೆದುರು ಮೇಜಿನಿಂದ ತೆಗೆದು ಕಿಟಕಿಯ ಬಳಿ ಇಟ್ಟ.

ದರ್ಜಿ ಆ ದಿನದ ಆಟವನ್ನು ಪೂರ್ತಿ ಆಡಿದ. ಸೋತ. ಕಿಟಕಿಯ ಬಳಿಯಿದ್ದ ತೋಪನ್ನೂ ತನ್ನ ಸೇನೆಯನ್ನೂ ಪೆಟ್ಟಿಗೆಗೆ ತುಂಬಿಕೊಂಡು ಹೋದ. ಮತ್ತೆ ಬರಲಿಲ್ಲ.

ವರ್ತಕ ಆ ಯುದ್ಧದ ಪುಸ್ತಕ ತೆಗೆದು ನೋಡಿದ. ಚಕ್ರ ಮರದ್ದೇ. ಹಾಗಾದರೆ ಬರಬೇಕಾದವನು ದರ್ಜಿಯೇ ಎಂದುಕೊಂಡು ಕಾದ.

ಕಾದು ಸಾಕಾಗಿ, ಎದುರು ಕಡೆಯ ಸೇನೆಯನ್ನೂ ತಾನೇ ಕೊಂಡ. ಎಲ್ಲವೂ ಕರಾರುವಾಕ್ಕು, ಬಣ್ಣದಲ್ಲಿ ಸಹ ಒಂದು ತಪ್ಪಿಲ್ಲ. ಎರಡೂ ಕಡೆ ಒಬ್ಬನೇ ಆಡತೊಡಗಿದ. ಗುಡ್ಡದ ಮರೆಯಲ್ಲಿ ತೋಪು ಅಡಗಿಸುವನು. ಮೇಜು ಸುತ್ತಿ ಬಂದು ಶತ್ರುವಿನ ಕಡೆ ನಿಲ್ಲುವನು. ತೋಪು ಎಲ್ಲಿದೆಯೆಂದು ಶತ್ರುವಿಗೆ ಆಗಲೇ ಗೊತ್ತಿರುತ್ತಿತ್ತು. ಆಟ ಅಲ್ಲಿಗೇ ನಿಲ್ಲುತ್ತಿತ್ತು.

ದರ್ಜಿ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿ ಬಂತು. ವರ್ತಕ ಅವನ ಬಾಗಿಲವರೆಗೆ ಹೋದ. ಏನು ಹೇಳಬೇಕೋ ತಿಳಿಯದೆ ಹಿಂದಿರುಗಿದ. ಆ ವಾರವೇ ದರ್ಜಿ ತೀರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ವರ್ತಕ ಹೇಳಿದ್ದು ಸರಿಯಾಗಿಯೇ ಇತ್ತಲ್ಲ, ಗುರುಗಳೇ?"

"ಸರಿಯಾಗಿಯೇ ಇತ್ತು. ಅದಕ್ಕೇ 'ತಪ್ಪಾಯಿತು' ಎನ್ನಲು ಅವನಿಗೆ ಕೊನೆಯವರೆಗೂ ಬಾಯಿ ಬರಲಿಲ್ಲ."